ಜೆಥ್ರೊ ಟಲ್ ಅಭಿಮಾನಿಗಳ ಜಗಳ ಇನ್ನೂ ಯಾಕೆ ಮುಗಿದಿಲ್ಲ?

ನಿಮ್ಮ ಆಫೀಸಿನ ಇಬ್ಬರು ಹಿರಿಯರು ಊಟದ ಹೊತ್ತಿಗೆ ಬ್ರಿಟಿಷ್ ರಾಕ್ ಬ್ಯಾಂಡ್ ಜೆಥ್ರೊ ಟಲ್ ವಿಚಾರವಾಗಿ ವಾದಕ್ಕಿಳಿಯುತ್ತಾರೆ. ಒಬ್ಬರು ‘1972ಕ್ಕೇ ಆ ಬ್ಯಾಂಡಿನ ಕಥೆ ಮುಗೀತು’ ಎಂದರೆ ಇನ್ನೊಬ್ಬರು ‘ನಿಜವಾದ ಟಲ್ ಶುರುವಾದದ್ದೇ 1977ರಲ್ಲಿ’ ಅನ್ನುತ್ತಾರೆ. ಐವತ್ತು ವರ್ಷ ಹಳೆಯ ಹಾಡುಗಳಲ್ಲಿ ಇನ್ನೂ ಕಿತ್ತಾಡುವಂಥದ್ದು ಏನಿದೆ ಅಂತ ಕೇಳಿದ್ದೀರಿ. ಆ ಇಬ್ಬರ ಪರಿಚಯ ನನಗಿಲ್ಲ, ಆದರೆ ಅಂಥವರ ಜೊತೆ ಕೂತು ನಾನೂ ಸಾಕಷ್ಟು ವಾದ ಮಾಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಬ್ಬರೂ ಹೇಳುತ್ತಿರುವುದು ಒಂದೇ ಹೆಸರಿನ ಎರಡು ಬೇರೆ ಬೇರೆ ಬ್ಯಾಂಡ್‌ಗಳ ಬಗ್ಗೆ. ಎತ್ತು ಏರಿಗೆ, ಕೋಣ ನೀರಿಗೆ.

ಮೊದಲು ಸ್ವಲ್ಪ ಹಿನ್ನೆಲೆ. 1967ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ತಂಡ ಇದು. ಲಂಡನ್ನಿನ ಕ್ಲಬ್ಬುಗಳಲ್ಲಿ ಆಗ ಇವರಿಗೆ ಹೇಳಿಕೊಳ್ಳುವಂಥ ಹೆಸರೇನೂ ಇರಲಿಲ್ಲ. ಮತ್ತೆ ಕರೆಯಲಿ ಎಂದು ಬೇರೆ ಬೇರೆ ಹೆಸರಲ್ಲಿ ನುಡಿಸುತ್ತಿದ್ದರು. ಇತಿಹಾಸದ ಹುಚ್ಚಿದ್ದ ಏಜೆಂಟನೊಬ್ಬ ಇಟ್ಟ ಹೆಸರು ಜೆಥ್ರೊ ಟಲ್, ಅದೇ ನಿಂತುಬಿಟ್ಟಿತು. ಮೂಲ ಜೆಥ್ರೊ ಟಲ್ ಇಂಗ್ಲೆಂಡಿನ ಒಬ್ಬ ಕೃಷಿಕ. 1701ರಲ್ಲಿ ಕುದುರೆ ಎಳೆಯುವ ಬಿತ್ತನೆ ಯಂತ್ರ ಮಾಡಿದವನು. ನಮ್ಮ ಕಡೆಯ ರೈತರಿಗೆ ಎತ್ತು ಹೂಡಿದ ಕೂರಿಗೆ ತಲೆತಲಾಂತರದಿಂದ ಗೊತ್ತು, ಅದು ಬೇರೆ ಮಾತು. ಬ್ಯಾಂಡಿನ ಮೊದಲ ಸಿಂಗಲ್ (ಬಿಡಿ ಹಾಡಿನ ಗ್ರಾಮಫೋನ್ ತಟ್ಟೆ) ಬಂದಾಗ ಲೇಬಲ್ ಮೇಲೆ ‘ಜೆಥ್ರೊ ಟೋ’ ಅಂತ ತಪ್ಪು ಅಚ್ಚಾಗಿತ್ತು. ಇವತ್ತು ಆ ತಟ್ಟೆ ಕೈಗೆ ಸಿಕ್ಕರೆ ಸಂಗ್ರಾಹಕರು ಬಿಡುವುದಿಲ್ಲ.

ಬ್ಯಾಂಡಿನ ಜೀವ ಇಯಾನ್ ಆಂಡರ್ಸನ್. ಎರಿಕ್ ಕ್ಲಾಪ್ಟನ್ ಮಟ್ಟಕ್ಕೆ ತನ್ನ ಗಿಟಾರ್ ಏರುವುದಿಲ್ಲ ಅನ್ನಿಸಿ, ಇದ್ದ ಎಲೆಕ್ಟ್ರಿಕ್ ಗಿಟಾರ್ ಕೊಟ್ಟು ಲೋಹದ ಕೊಳಲು ತಂದ ಮನುಷ್ಯ. ಕಲಿಸಲು ಗುರು ಇಲ್ಲ. ಬೆರಳು ಎಲ್ಲಿಡಬೇಕೋ ಅಲ್ಲಿಡದೆ, ತನಗೆ ತೋಚಿದ ಹಾಗೆ ನುಡಿಸುತ್ತ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ. ಮಗಳು ಶಾಲೆಯಲ್ಲಿ ಕೊಳಲು ಕಲಿಯಲು ಶುರುಮಾಡಿದ ಮೇಲೆಯೇ ತನ್ನ ಬೆರಳುಗಾರಿಕೆ ತಪ್ಪು ಅಂತ ಅವನಿಗೆ ತಿಳಿದದ್ದು. ಆಮೇಲೆ ಕೂತು ಸರಿಯಾಗಿ ಕಲಿತ. ಅವನ ಕೊಳಲನ್ನು ಒಮ್ಮೆ ಗಮನವಿಟ್ಟು ಕೇಳಿ. ಊದುತ್ತಲೇ ಗಂಟಲಲ್ಲಿ ಅದೇ ಸ್ವರವನ್ನು ಗುನುಗುತ್ತಾನೆ, ನಡುವೆ ಕೆಮ್ಮುತ್ತಾನೆ, ಗುರುಗುಟ್ಟುತ್ತಾನೆ, ಉಸಿರು ಎಳೆದುಕೊಳ್ಳುವುದನ್ನೂ ಲಯಕ್ಕೆ ಸೇರಿಸುತ್ತಾನೆ. ಈ ವರಸೆ ಅಮೆರಿಕದ ಜಾಝ್ ವಾದಕ ರೋಲಂಡ್ ಕರ್ಕ್ ಅವರಿಂದ ಬಂದದ್ದು. 1968ರ ಮೊದಲ ಆಲ್ಬಂನಲ್ಲೇ ಕರ್ಕ್ ಅವರ ರಚನೆಯೊಂದನ್ನು ಟಲ್ ನುಡಿಸಿದ್ದಾರೆ. ಬಿದಿರಿನ ಕೊಳಲಿಗೆ ಒಗ್ಗಿದ ನಮ್ಮ ಕಿವಿಗೆ ಮೊದಲ ಸಲ ಇದು ಒರಟು ಅನ್ನಿಸುತ್ತದೆ. ನನ್ನ ಮಟ್ಟಿಗೆ ಆ ಒರಟುತನವೇ ಸೊಗಸು.

ಇನ್ನು ಜಗಳಕ್ಕೆ ಬರೋಣ. 1972ರ ಪಂಗಡದವರ ಎರಡು ದೊಡ್ಡ ಅಸ್ತ್ರಗಳು 1971ರ ‘ಅಕ್ವಾಲಂಗ್’ ಮತ್ತು 1972ರ ‘ಥಿಕ್ ಆ್ಯಸ್ ಎ ಬ್ರಿಕ್’. ಅಕ್ವಾಲಂಗ್ ಎಂಬ ಹಾಡು ಗೊತ್ತಿಲ್ಲದ ರಾಕ್ ಕೇಳುಗ ಸಿಗುವುದು ಕಷ್ಟ. ಬೆಂಗಳೂರಿನ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್ ಸುತ್ತಮುತ್ತ ಹಳೆಯ ರಾಕ್ ಹಾಕುವ ಪಬ್ಬುಗಳಲ್ಲಿ ಅದರ ಮೊದಲ ಆರು ಸ್ವರ ಬಿದ್ದರೆ ಸಾಕು, ಮೇಜು ಬಡಿಯುವವರು ಇದ್ದೇ ಇರುತ್ತಾರೆ. ತಮಾಷೆ ಎಂದರೆ, ಕೊಳಲಿಗೆ ಹೆಸರಾದ ಬ್ಯಾಂಡಿನ ಅತಿ ಪ್ರಸಿದ್ಧವಾದ ಈ ಹಾಡಿನಲ್ಲಿ ಕೊಳಲೇ ಇಲ್ಲ! ಹಾಡು ಹುಟ್ಟಿದ್ದು ಆಂಡರ್ಸನ್ ಅವರ ಅಂದಿನ ಹೆಂಡತಿ ಜೆನ್ನಿ ತೆಗೆದ ಫೋಟೊಗಳಿಂದ. ಲಂಡನ್ನಿನಲ್ಲಿ ಮನೆಮಠ ಇಲ್ಲದೆ ಬೀದಿಯಲ್ಲಿ ಬದುಕುತ್ತಿದ್ದವರ ಫೋಟೊಗಳು ಅವು. ಸಾಹಿತ್ಯದಲ್ಲೂ ಆಕೆಯ ಪಾಲಿದೆ.

ಈ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ಆ ಭಾರವಾದ ಗಿಟಾರ್, ಅದರ ಮೇಲೆ ಅಕ್ವಾಲಂಗ್ ಎಂಬ ಮನೆಯಿಲ್ಲದ ಮುದುಕನನ್ನು ಕಂಡು ಮೂಗು ಮುರಿಯುವ ದನಿ. ಸ್ವಲ್ಪ ಹೊತ್ತಿಗೆ ಎಲ್ಲ ಬಿಟ್ಟುಹೋಗಿ ಬರೀ ಅಕೌಸ್ಟಿಕ್ ಗಿಟಾರ್ ಉಳಿಯುತ್ತದೆ, ದನಿ ಹಳೇ ಟೆಲಿಫೋನಿನೊಳಗಿಂದ ಬಂದಂತೆ ತೆಳ್ಳಗಾಗುತ್ತದೆ. ಅದುವರೆಗೆ ಅಸಹ್ಯಪಡುತ್ತಿದ್ದ ಹಾಡು ಅಲ್ಲಿ ಅವನನ್ನು ಹೆಸರಿಟ್ಟು ಕರೆದು ಮಾತಾಡಿಸುತ್ತದೆ, ಚಳಿಯಲ್ಲಿ ಅವನ ಕಾಲು ನೋಯುವುದನ್ನು ಗಮನಿಸುತ್ತದೆ. ಆಮೇಲೆ ಬ್ಯಾಂಡಿನ ಗಿಟಾರ್ ವಾದಕ ಮಾರ್ಟಿನ್ ಬಾರ್ ಅವರ ಸೋಲೊ, ಅಂದರೆ ಗಿಟಾರೇ ಮುಂದೆ ನಿಂತು ನುಡಿಯುವ ಭಾಗ. ಇದನ್ನು ರೆಕಾರ್ಡ್ ಮಾಡಿದ ಕಟ್ಟಡದಲ್ಲೇ ಆಗ ಲೆಡ್ ಝೆಪ್ಲಿನ್ ಬ್ಯಾಂಡಿನವರು ಕೂಡ ರೆಕಾರ್ಡ್ ಮಾಡುತ್ತಿದ್ದರು. ಬಾರ್ ಸೋಲೊ ನುಡಿಸುತ್ತಿರುವಾಗಲೇ ಝೆಪ್ಲಿನ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್ ಕಂಟ್ರೋಲ್ ರೂಮಿಗೆ ಬಂದು ಕೈ ಬೀಸಿದರಂತೆ. ಬಾರ್ ತಿರುಗಿ ಕೈ ಬೀಸಿದ್ದರೆ ಆ ಟೇಕ್ ಹಾಳಾಗುತ್ತಿತ್ತು, ಅದಕ್ಕೇ ಬರೀ ನಕ್ಕು ನುಡಿಸಿದೆ ಅಂತ ಅವರೇ ಹೇಳಿಕೊಂಡಿದ್ದಾರೆ.

ಆಲ್ಬಂ ಬಂದ ಮೇಲೆ ವಿಮರ್ಶಕರು ಅದನ್ನು ‘ಕಾನ್ಸೆಪ್ಟ್ ಆಲ್ಬಂ’, ಅಂದರೆ ಒಂದೇ ವಿಷಯದ ಸುತ್ತ ಹೆಣೆದ ಆಲ್ಬಂ ಅಂದರು. ಆಂಡರ್ಸನ್ ‘ಅಲ್ಲ, ಬರೀ ಹಾಡುಗಳು’ ಅಂದರು. ಯಾರೂ ಕೇಳಲಿಲ್ಲ. ಹಾಗಿದ್ದರೆ ತಗೊಳ್ಳಿ ಅಂತ ಮುಂದಿನ ವರ್ಷ ಕೊಟ್ಟದ್ದು ಥಿಕ್ ಆ್ಯಸ್ ಎ ಬ್ರಿಕ್: ಇಡೀ ಆಲ್ಬಂಗೆ ಒಂದೇ ಹಾಡು, ಸುಮಾರು 44 ನಿಮಿಷ, ತಟ್ಟೆ ಮಗುಚಿ ಹಾಕಲು ಮಾತ್ರ ನಡುವೆ ಬಿಡುವು. ಸಾಹಿತ್ಯ ಬರೆದದ್ದು ಜೆರಾಲ್ಡ್ ಬೊಸ್ಟಾಕ್ ಎಂಬ ಎಂಟು ವರ್ಷದ ಹುಡುಗ ಅಂತ ಕಥೆ ಕಟ್ಟಿದರು. ಹೊದಿಕೆ ಹನ್ನೆರಡು ಪುಟದ ಊರಪತ್ರಿಕೆ. ಹುಡುಗನ ಬಹುಮಾನ ಕಿತ್ತುಕೊಂಡ ಸುದ್ದಿ ಮುಖಪುಟದಲ್ಲಿ, ಒಳಗೆ ಪದಬಂಧ, ಜಾಹೀರಾತು, ತಮ್ಮದೇ ಆಲ್ಬಂನ ವಿಮರ್ಶೆ ಕೂಡ. ಆ ಹುಡುಗ ನಿಜವಾಗಿ ಇದ್ದಾನೆ ಅಂತ ನಂಬಿದವರು ಬಹಳ ಮಂದಿ. ಪ್ರೋಗ್ರೆಸಿವ್ ರಾಕ್ ಎಂಬ, ಉದ್ದನೆಯ ಜಟಿಲ ರಚನೆಗಳ ರಾಕ್ ಪ್ರಕಾರದ ಆಡಂಬರವನ್ನು ಗೇಲಿ ಮಾಡಲು ಹೊರಟ ಆಲ್ಬಂ ಅದೇ ಪ್ರಕಾರದ ಮೇರುಕೃತಿಗಳಲ್ಲಿ ಒಂದಾಗಿ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗೇಲಿಯೋ ಗಂಭೀರವೋ ಎಂಬ ವಾದ ಇವತ್ತಿಗೂ ನಡೆದೇ ಇದೆ. ನನ್ನ ಪ್ರಕಾರ ಎರಡೂ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇರುವುದು ಇಲ್ಲೇ. ಈ 44 ನಿಮಿಷ ಬಾಳಿಕೆ ಬಂದಿರುವುದು ಅದರ ಲೆಕ್ಕಾಚಾರದಿಂದಲ್ಲ, ಅದರೊಳಗಿನ ಚಿಕ್ಕ ಚಿಕ್ಕ ಧಾಟಿಗಳಿಂದ. ಮೊದಲ ಮೂರು ನಿಮಿಷ ಕೇಳಿ. ಒಂದು ಅಕೌಸ್ಟಿಕ್ ಗಿಟಾರ್, ಒಂದು ದನಿ, ನಡುನಡುವೆ ಇಣುಕುವ ಕೊಳಲು. ಹಜಾರದಲ್ಲಿ ಕೂತು ಹಾಡಿಕೊಳ್ಳಬಹುದಾದಷ್ಟು ಸರಳ. ಮುಂದೆ ತಾಳ ಮುರಿಯುತ್ತದೆ, ಆರ್ಗನ್ ಅಬ್ಬರಿಸುತ್ತದೆ, ಡ್ರಮ್ಮಿನ ಬ್ಯಾರಿಮೋರ್ ಬಾರ್ಲೊ ಕೈಗೆ ಬಿಡುವೇ ಇರುವುದಿಲ್ಲ. ಆದರೆ ದಾರಿ ತಪ್ಪಿತು ಅನ್ನುವಷ್ಟರಲ್ಲಿ ಮೊದಲು ಕೇಳಿದ ಧಾಟಿಯೊಂದು ವೇಷ ಬದಲಿಸಿಕೊಂಡು ವಾಪಸು ಬರುತ್ತದೆ. ಯಾವ ತಾಳ ಅಂತ ಎಣಿಸಲು ಬಾರದವರಿಗೂ ಅದು ಗುರುತು ಸಿಗುತ್ತದೆ. 1969ರ ‘ಲಿವಿಂಗ್ ಇನ್ ದ ಪಾಸ್ಟ್’ ಕೂಡ ಹೀಗೇ. ಐದು ಎಣಿಕೆಯ ಹಾಡು, ಪಾಪ್ ಜಗತ್ತಿನಲ್ಲಿ ಅಪರೂಪ. ಆದರೂ ಬ್ರಿಟನ್ನಿನಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು. ಪಾಶ್ಚಾತ್ಯ ಅಭಿಮಾನಿಗಳು ಆ ಐದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಖಂಡ ಚಾಪು ಕೇಳಿ ಬೆಳೆದವರಿಗೆ ಅದರಲ್ಲಿ ಬೆರಗೇನೂ ಇಲ್ಲ, ಹಾಯಾಗಿ ತೊಡೆ ತಟ್ಟಬಹುದು.

ಇದೇ ಅಳತೆಗೋಲು ಹಿಡಿದರೆ 1973ರ ‘ಎ ಪ್ಯಾಷನ್ ಪ್ಲೇ’ ಯಾಕೆ ಅಷ್ಟು ಜನಕ್ಕೆ ಹಿಡಿಸಲಿಲ್ಲ ಎಂಬುದೂ ತಿಳಿಯುತ್ತದೆ. ಅದೂ ಒಂದೇ ಹಾಡಿನ ಆಲ್ಬಂ, ಅದೂ ಅಮೆರಿಕದಲ್ಲಿ ಮೊದಲ ಸ್ಥಾನ. ಆದರೆ ವಿಮರ್ಶಕರು ಹಿಗ್ಗಾಮುಗ್ಗಾ ಝಾಡಿಸಿದರು. ನುಡಿಸಿದ್ದರಲ್ಲಿ ಕೊರತೆ ಇಲ್ಲ, ಹಿಡಿದುಕೊಳ್ಳಲು ಧಾಟಿ ಸಾಲದು. ನಡುವೆ ಕನ್ನಡಕ ಕಳಕೊಂಡ ಮೊಲದ ಕಥೆ ಬೇರೆ ಬರುತ್ತದೆ. ಅದನ್ನು ಸಮರ್ಥಿಸುವ ಅಭಿಮಾನಿಗಳ ಉತ್ಸಾಹಕ್ಕೆ ನನ್ನ ನಮಸ್ಕಾರ.

ನಿಮ್ಮ ಇನ್ನೊಬ್ಬ ಹಿರಿಯರದು 1977ರ ಪಂಗಡ. ಆ ವರ್ಷ ಇಂಗ್ಲೆಂಡಿನಲ್ಲಿ ಪಂಕ್ ಎಂಬ ಚುಟುಕು, ಒರಟು ರಾಕ್‌ನ ಅಬ್ಬರ. ಉದ್ದುದ್ದ ಹಾಡುಗಳ ಬ್ಯಾಂಡ್‌ಗಳನ್ನೆಲ್ಲ ಹಳಬರು ಅಂತ ಮೂಲೆಗೆ ತಳ್ಳುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ ಟಲ್ ಹೊರತಂದದ್ದು ‘ಸಾಂಗ್ಸ್ ಫ್ರಂ ದ ವುಡ್’: ಕಾಡು, ಹಬ್ಬ, ಸುಗ್ಗಿ, ಹಳ್ಳಿಯ ನಂಬಿಕೆಗಳು, ದನಿಗೆ ದನಿ ಸೇರಿಸಿದ ಗುಂಪುಹಾಡು. 1978ರಲ್ಲಿ ‘ಹೆವಿ ಹಾರ್ಸಸ್’, 1979ರಲ್ಲಿ ‘ಸ್ಟಾರ್ಮ್‌ವಾಚ್’. ಈ ಮೂರನ್ನೂ ಒಟ್ಟಿಗೆ ಜಾನಪದ ತ್ರಿವಳಿ ಅನ್ನುತ್ತಾರೆ. ಹೆವಿ ಹಾರ್ಸಸ್‌ನ ಶೀರ್ಷಿಕೆ ಹಾಡು, ಟ್ರ್ಯಾಕ್ಟರ್ ಬಂದ ಮೇಲೆ ಹೊಲದಿಂದ ಮರೆಯಾದ ಉಳುವ ಕುದುರೆಗಳ ಕುರಿತದ್ದು. ಮನೆಯ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋದದ್ದನ್ನು ಕಂಡವರಿಗೆ ಆ ಹಾಡು ವಿವರಿಸಬೇಕಿಲ್ಲ. ಬ್ರಿಟನ್ನಿನ ಹೊಲದ ಬಗ್ಗೆ ಇಷ್ಟು ಖಚಿತವಾಗಿ ಬರೆದ ಕಾರಣಕ್ಕೇ ಅದು ನಮ್ಮ ಹೊಲದವರೆಗೂ ಬರುತ್ತದೆ. ಬಲವಂತವಾಗಿ ಆಯ್ಕೆ ಮಾಡು ಅಂದರೆ ನಾನೂ ಈ ಪಂಗಡವೇ.

ಆಮೇಲೆ ಪೆಟ್ಟಿನ ಮೇಲೆ ಪೆಟ್ಟು. 1979ರ ನವೆಂಬರ್‌ನಲ್ಲಿ ಬಾಸ್ ವಾದಕ ಜಾನ್ ಗ್ಲಾಸ್ಕಾಕ್ 28ನೇ ವಯಸ್ಸಿಗೇ ತೀರಿಕೊಂಡರು, ಹೃದಯದ ತೊಂದರೆ. 1980ಕ್ಕೆ ಆಂಡರ್ಸನ್, ಬಾರ್ ಬಿಟ್ಟು ಹೆಚ್ಚುಕಡಿಮೆ ಎಲ್ಲರೂ ಬದಲಾಗಿದ್ದರು. 1984ರ ಸಿಂಥಸೈಜರ್ ಆಲ್ಬಂ ಬಗ್ಗೆ ಮಾತಾಡದಿರುವುದೇ ವಾಸಿ. ಆ ಪ್ರವಾಸದಲ್ಲೇ ಆಂಡರ್ಸನ್ ಗಂಟಲು ಕೆಟ್ಟದ್ದು, ಮತ್ತೆ ಮೊದಲಿನಂತಾಗಲಿಲ್ಲ.

ಇನ್ನು ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿಯ ರಾದ್ಧಾಂತ. 1989ರಲ್ಲಿ ಹಾರ್ಡ್ ರಾಕ್ ಮತ್ತು ಮೆಟಲ್ ಎಂಬ ಅಬ್ಬರದ ರಾಕ್ ಪ್ರಕಾರಗಳಿಗೆ ಮೊದಲ ಬಾರಿ ಪ್ರಶಸ್ತಿ ಇಟ್ಟರು. ಎಲ್ಲರೂ ಮೆಟಲ್ ಬ್ಯಾಂಡ್ ಮೆಟಾಲಿಕಾಗೇ ಎಂದುಕೊಂಡಿದ್ದರೆ ಬಂದದ್ದು ಜೆಥ್ರೊ ಟಲ್‌ಗೆ. ಹೇಗೂ ಬರುವುದಿಲ್ಲ ಅಂತ ಇವರು ಸಮಾರಂಭಕ್ಕೂ ಹೋಗಿರಲಿಲ್ಲ. ಸಭೆಯಲ್ಲಿ ಕೂಗಾಟ. ಹೆವಿ ಮೆಟಲ್ ಎಂದರೆ ಭಾರದ ಲೋಹ ತಾನೇ, ಕೊಳಲೂ ಭಾರದ ಲೋಹದ ವಾದ್ಯವೇ ಅಂತ ಜಾಹೀರಾತು ಹಾಕಿ ಇವರ ಕಡೆಯವರು ತಣ್ಣಗೆ ಉತ್ತರಿಸಿದರು. 1992ರಲ್ಲಿ ಮೆಟಾಲಿಕಾ ಗೆದ್ದಾಗ ಡ್ರಮ್ಮರ್ ಲಾರ್ಸ್ ಉಲ್ರಿಕ್, ಈ ವರ್ಷ ಆಲ್ಬಂ ತರದಿದ್ದಕ್ಕೆ ಜೆಥ್ರೊ ಟಲ್‌ಗೆ ಥ್ಯಾಂಕ್ಸ್ ಅಂದರು. ವಾಸ್ತವದಲ್ಲಿ 1991ರಲ್ಲಿ ಟಲ್ ಆಲ್ಬಂ ಬಂದಿತ್ತು! ಅಭಿಮಾನಿಗಳು ಇದನ್ನು ನೆನೆದು ಇನ್ನೂ ನಗುತ್ತಾರೆ. ಮೆಟಲ್‌ನವರೆಲ್ಲ ವೈರಿಗಳೇನಲ್ಲ, ಐರನ್ ಮೇಡನ್ ಅಂಥ ಮೆಟಲ್ ಬ್ಯಾಂಡೇ ಅಕ್ವಾಲಂಗ್ ಆಲ್ಬಂನ ಹಾಡೊಂದನ್ನು ಹಾಡಿದೆ.

ಈಗಿನ ದೊಡ್ಡ ಜಗಳ ಮಾರ್ಟಿನ್ ಬಾರ್ ಇಲ್ಲದ ಟಲ್ ನಿಜಕ್ಕೂ ಟಲ್ಲೋ ಅಲ್ಲವೋ ಅನ್ನುವುದು. 1968ರ ಕೊನೆಗೆ ಬಂದ ಬಾರ್ ನಾಲ್ಕು ದಶಕ ಜೊತೆಗಿದ್ದರು. ಈಗ ಅವರದೇ ತಂಡ ಬೇರೆ, ಟಲ್ ಹಾಡುಗಳನ್ನೇ ನುಡಿಸುತ್ತಾರೆ. ಆಂಡರ್ಸನ್ ಹೊಸಬರನ್ನು ಕಟ್ಟಿಕೊಂಡು 2022ರಲ್ಲಿ ಮತ್ತೆ ಅದೇ ಹೆಸರಲ್ಲಿ ಆಲ್ಬಂ ತಂದರು, 2023ರಲ್ಲಿ ಇನ್ನೊಂದು. ಹಾಡುಗಳನ್ನು ಬಹುಪಾಲು ಬರೆದವರು ಅವರೇ ಆದ್ದರಿಂದ ಹೆಸರಿಟ್ಟುಕೊಳ್ಳುವ ಹಕ್ಕು ಅವರಿಗಿದೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅಕ್ವಾಲಂಗ್‌ನ ಆ ಸೋಲೊ ಬೇರೆಯವರ ಕೈಯಲ್ಲಿ ಕೇಳಿದಾಗ ಏನೋ ಕಮ್ಮಿ ಅನ್ನಿಸುತ್ತದೆ. ಶ್ವಾಸಕೋಶದ ಸಿಒಪಿಡಿ ಕಾಯಿಲೆ ಇದೆ ಅಂತ ಆಂಡರ್ಸನ್ 2020ರಲ್ಲಿ ಹೇಳಿದರು. ದನಿ ಹೋಗಿದೆ, ಇನ್ನು ಹಾಡುವುದು ನಿಲ್ಲಿಸಲಿ ಅನ್ನುವವರಿದ್ದಾರೆ. ಕೊಳಲು ಮಾತ್ರ ಹಿಂದಿಗಿಂತ ಚೆನ್ನಾಗಿದೆ ಅನ್ನುವುದರಲ್ಲಿ ಎಲ್ಲ ಪಂಗಡಗಳೂ ಒಂದು. 2011ರಲ್ಲಿ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ಕ್ಯಾಡಿ ಕೋಲ್ಮನ್ ಮೇಲಿಂದ, ಆಂಡರ್ಸನ್ ಕೆಳಗಿಂದ ಜುಗಲ್‌ಬಂದಿ ನುಡಿಸಿದ ವಿಡಿಯೊ ಇದೆ, ನೋಡಿ. ಜರ್ಮನ್ ಸಂಗೀತಕಾರ ಬಾಖ್‌ನ ‘ಬೂರೆ’ ಎಂಬ ರಚನೆಯ ಟಲ್ ರೂಪ ಅದು, 1969ರ ‘ಸ್ಟ್ಯಾಂಡ್ ಅಪ್’ ಆಲ್ಬಂನದು. ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿ ಐವತ್ತು ವರ್ಷವಾದ ನೆನಪಿಗೆ ನುಡಿಸಿದ್ದು.

ಭಾರತದಲ್ಲಿ ಇವರನ್ನು ಪ್ರೀತಿಸುವವರಿಗೆ ಇನ್ನೊಂದು ಕಾರಣವೂ ಇದೆ. 2008ರ ನವೆಂಬರ್ 29ಕ್ಕೆ ಸಿತಾರ್ ವಾದಕಿ ಅನೌಷ್ಕಾ ಶಂಕರ್ ಜೊತೆ ಮುಂಬೈಯಲ್ಲಿ ಇವರ ಕಛೇರಿ ನಿಗದಿಯಾಗಿತ್ತು. ಮೂರು ದಿನ ಮೊದಲು ಮುಂಬೈ ಮೇಲೆ ದಾಳಿ. ಕಛೇರಿ ಮುಂದಕ್ಕೆ ಹೋಯಿತು, ಆದರೆ ಇವರು ಕೈಬಿಡಲಿಲ್ಲ. ಡಿಸೆಂಬರ್ 5ರಂದು ಸಂತ್ರಸ್ತರ ನೆರವಿಗಾಗಿ ಅದೇ ಕಾರ್ಯಕ್ರಮ ನಡೆಸಿದರು.

ಎಲ್ಲಿಂದ ಶುರು ಮಾಡಲಿ ಅಂತಲೂ ಕೊನೆಯಲ್ಲಿ ಕೇಳಿದ್ದೀರಿ. ಆಫೀಸಿನ ಹಿರಿಯರ ಮಾತು ಸದ್ಯ ಬದಿಗಿಡಿ. ಮೊದಲು ‘ಬೂರೆ’, ಆಮೇಲೆ ‘ಲಿವಿಂಗ್ ಇನ್ ದ ಪಾಸ್ಟ್’. ಹಿಡಿಸಿದರೆ ಸಾಂಗ್ಸ್ ಫ್ರಂ ದ ವುಡ್ ಪೂರ್ತಿ. ಥಿಕ್ ಆ್ಯಸ್ ಎ ಬ್ರಿಕ್‌ಗೆ ರಜೆಯ ದಿನ ಬೇಕು, ಫೋನ್ ದೂರ ಇಡಬೇಕು. ಸ್ಟೀವನ್ ವಿಲ್ಸನ್ ಮಾಡಿದ ರೀಮಿಕ್ಸ್ ಸಿಕ್ಕರೆ ಅದನ್ನೇ ಕೇಳಿ, ಗಿಟಾರೂ ಕೊಳಲೂ ಬಿಡಿಬಿಡಿಯಾಗಿ ಕೇಳಿಸುತ್ತವೆ. ಎ ಪ್ಯಾಷನ್ ಪ್ಲೇಗೆ ಆತುರವೇನಿಲ್ಲ.