ಇಬ್ಬರ ಸ್ಟ್ಯಾಂಡ್‌ಅಪ್: ಒಬ್ಬರು ಕೇಳಬೇಕು, ಒಬ್ಬರು ಸಿಕ್ಕಿಬೀಳಬೇಕು

ನಿಮ್ಮ ಪ್ರಶ್ನೆ ಓದಿದೆ. ಕಾಸರಗೋಡಿನ ಬದಿಯಡ್ಕದ ಹತ್ತಿರ ಕ್ಲಬ್ಬಿನ ವಾರ್ಷಿಕೋತ್ಸವದಲ್ಲಿ ನೀವೂ ನಿಮ್ಮ ಗೆಳೆಯರೂ ಸೇರಿ ಇಪ್ಪತ್ತು ನಿಮಿಷ ಕನ್ನಡದಲ್ಲಿ ಸ್ಟ್ಯಾಂಡ್‌ಅಪ್ ಮಾಡಬೇಕು. ಹಾಡು, ಸಿನಿಮಾದವರು, ಹಾಸ್ಯ ಮಾಡುವವರ ಬದುಕು, ಈ ಮೂರರ ಮೇಲೆ ಮಾತಿಗೆ ಮಾತು. ಬರೆದು ಓದಿದಾಗ ನಗು ಬರುತ್ತದೆ, ಎದ್ದು ನಿಂತು ಹೇಳಿದಾಗ ಬರುವುದಿಲ್ಲ, ಯಾಕೆ ಅಂತ ಕೇಳಿದ್ದೀರಿ. ನೀವು ಹಾಕಿದ ಎರಡು ಪುಟ ನೋಡಿಯೇ ಹೇಳ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಜೋಕುಗಳು ಚೆನ್ನಾಗಿವೆ. ಆದರೆ ಇಬ್ಬರೂ ಸರದಿಯಲ್ಲಿ ಜೋಕ್ ಹೇಳ್ತೀರಿ. ನೀವು ಒಂದು, ಅವರು ಒಂದು. ಇಬ್ಬರೂ ಜಾಣರು, ಇಬ್ಬರೂ ಗೆಲ್ತಾರೆ. ಒಬ್ಬರು ಹೇಳುವಾಗ ಇನ್ನೊಬ್ಬರಿಗೆ ವೇದಿಕೆಯಲ್ಲಿ ಕೆಲಸವೇ ಇಲ್ಲ. ತನ್ನ ಸರದಿ ಕಾಯುತ್ತಾ ನಿಂತಿರುವುದು ಸಭೆಗೆ ಕಾಣುತ್ತದೆ. ಇದು ಇಬ್ಬರ ಹಾಸ್ಯ ಅಲ್ಲ, ಇಬ್ಬರು ಒಬ್ಬೊಬ್ಬರಾಗಿ ಮಾಡುವ ಹಾಸ್ಯ.

ಇದಕ್ಕೆ ದಾರಿ ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಯಕ್ಷಗಾನ ಕವಿ, ಕುಂಬಳೆಯ ಪಾರ್ತಿಸುಬ್ಬನ ನೆಲದಲ್ಲಿ ಇದ್ದೇವೆ. ಯಕ್ಷಗಾನದ ಆಟದಲ್ಲಿ ಹಾಸ್ಯಗಾರರು ಬಂದಾಗ ಏನಾಗುತ್ತದೆ ಅಂತ ಒಮ್ಮೆ ಗಮನ ಇಟ್ಟು ನೋಡಿ. ಪದ್ಯ ಹಾಡುವ ಭಾಗವತರು ಜೋಕ್ ಹೇಳುವುದಿಲ್ಲ. ಯಾರು ನೀನು, ಎಲ್ಲಿಂದ ಬಂದೆ, ಯಾಕೆ ಬಂದೆ ಅಂತ ಕೇಳ್ತಾರೆ. ಗಂಭೀರವಾಗಿ, ಉತ್ತರ ನಿಜವಾಗಿಯೂ ಬೇಕು ಅನ್ನುವ ಹಾಗೆ. ಆ ಪ್ರಶ್ನೆಯಿಂದಲೇ ಹಾಸ್ಯಗಾರರಿಗೆ ಜಾಗ ಸಿಗುವುದು. ಪದ್ಯ ಬರೆದದ್ದು ಇರುತ್ತದೆ, ಮಾತು ಅಲ್ಲೇ ಹುಟ್ಟಬೇಕು. ಹಾಗಾಗಿ ಇಬ್ಬರೂ ಕಿವಿ ತೆರೆದೇ ಇರ್ತಾರೆ. ನಿಮ್ಮ ಸ್ಕ್ರಿಪ್ಟಿನಲ್ಲಿ ಇಲ್ಲದ್ದು ಆ ಕಿವಿ.

ಪ್ರಶ್ನೆ ಕೇಳುವವರ ಪಾತ್ರ ಸಣ್ಣದು ಅಂತ ನಿಮ್ಮ ಗೆಳೆಯರಿಗೆ ಬೇಸರ ಆದರೆ ಒಂದು ವಿಷಯ ಹೇಳಿ. ಅಮೆರಿಕದ ಅಬಟ್ ಮತ್ತು ಕಾಸ್ಟೆಲೊ ಹಾಸ್ಯ ಜೋಡಿಯಲ್ಲಿ ಸಭೆಗೆ ನಗು ಬರ್ತಿದ್ದದ್ದು ಕಾಸ್ಟೆಲೊ ಮಾತಿಗೆ. ಅಬಟ್ ಬರೀ ಕೇಳ್ತಾ, ತಿದ್ದುತ್ತಾ, ಸಿಟ್ಟಾಗುತ್ತಾ ಇದ್ದರು. ಶುರುವಿನ ವರ್ಷಗಳಲ್ಲಿ ಸಂಭಾವನೆಯಲ್ಲಿ 60 ಪಾಲು ಅಬಟ್‌ಗೆ, 40 ಕಾಸ್ಟೆಲೊಗೆ. ಕೇಳುವವರ ಕೆಲಸಕ್ಕೆ ಅಷ್ಟು ಬೆಲೆ ಇತ್ತು.

ನಿಮ್ಮ ಯೇಸುದಾಸ್ ಜೋಕನ್ನೇ ತೆಗೆದುಕೊಳ್ಳೋಣ. ನೀವು ಬರೆದದ್ದು ಹೀಗೆ: "ಯೇಸುದಾಸ್ ಹಾಡಿ ಹೋದ ಮೇಲೆ ಅದೇ ವೇದಿಕೆಯಲ್ಲಿ ನಾನೂ ಹಾಡಿದೆ, ಕೇಳಲು ಶಾಮಿಯಾನ ಬಿಚ್ಚುವವರು ಮಾತ್ರ ಇದ್ದರು." ಒಂದೇ ವಾಕ್ಯದಲ್ಲಿ ಎಲ್ಲ ಮುಗಿಯಿತು. ಇದನ್ನೇ ಇಬ್ಬರಿಗೆ ಹಂಚಿ ನೋಡಿ.

"ಯೇಸುದಾಸ್ ಹಾಡಿದ ವೇದಿಕೆಯಲ್ಲಿ ನಾನೂ ಹಾಡಿದ್ದೇನೆ."
"ಹೌದಾ! ಯಾವಾಗ?"
"ಅದೇ ದಿನ."
"ಅದೇ ದಿನವಾ? ಅವರ ಜೊತೆಗಾ?"
"ಅವರು ಹೋದ ಮೇಲೆ."
"ಜನ ಇದ್ರಾ?"
"ಇದ್ರು."
"ಎಷ್ಟು?"
"ನಾಲ್ಕು. ಶಾಮಿಯಾನ ಬಿಚ್ಚುವವರು."
"ಹಾಡು ಕೇಳಿ ಏನು ಹೇಳಿದ್ರು?"
"ಮೈಕ್ ಕೊಡಿ ಅಂದ್ರು."

ವಿಷಯ ಅದೇ. ಈಗ ಒಬ್ಬರು ಹೆಮ್ಮೆಯಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಇಳೀತಾರೆ. ಇನ್ನೊಬ್ಬರು ತಮಾಷೆ ಮಾಡ್ತಾ ಇಲ್ಲ, ನಂಬ್ತಾ ಇದ್ದಾರೆ. "ಅದೇ ದಿನವಾ?" ಅನ್ನುವಲ್ಲಿ ನಿಜವಾದ ಆಶ್ಚರ್ಯ ಬೇಕು. ಅಲ್ಲಿ ಕುಹಕದ ನಗೆ ತಂದರೆ ಕೆಳಗಿನ ಏಳು ಸಾಲೂ ಬಿದ್ದು ಹೋಗುತ್ತವೆ. "ನಾಲ್ಕು" ಆದ ಮೇಲೆ ಒಂದು ಉಸಿರು ನಿಲ್ಲಿಸಿ, ಆಮೇಲೆ "ಶಾಮಿಯಾನ ಬಿಚ್ಚುವವರು." ನಗು ಅಲ್ಲಿ ಬರುತ್ತದೆ. ಬಂದ ನಗು ಇಳಿಯುವ ತನಕ ಮುಂದಿನ ಪ್ರಶ್ನೆ ಕೇಳಬೇಡಿ. ಪೂರ್ತಿ ನಿಲ್ಲುವ ತನಕವೂ ಕಾಯಬೇಡಿ, ಅರ್ಧ ಇಳಿದಾಗ ಹಿಡಿಯಿರಿ. ಇದು ಮನೆಯಲ್ಲಿ ಕಲಿಯಲು ಆಗುವುದಿಲ್ಲ. ನಾಲ್ಕಾರು ಜನರನ್ನು ಕೂರಿಸಿ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

"ಮೈಕ್ ಕೊಡಿ" ಸಾಲನ್ನು ಅಲ್ಲಿಗೇ ಬಿಡಬೇಡಿ. ಹದಿನೈದು ನಿಮಿಷ ಆದ ಮೇಲೆ ಕೇಳುವವರೇ ಮೊದಲ ಬಾರಿಗೆ ಒಂದು ಹಾಡು ಶುರು ಮಾಡಲಿ. ಎರಡು ಸಾಲು ಆದಾಗ ನೀವು ಸುಮ್ನೆ ಕೈ ಚಾಚಿ "ಮೈಕ್ ಕೊಡಿ" ಅನ್ನಿ. ಸ್ಟ್ಯಾಂಡ್‌ಅಪ್‌ನವರು ಇದಕ್ಕೆ ಕಾಲ್‌ಬ್ಯಾಕ್ ಅಂತಾರೆ. ಹೊಸ ಜೋಕಿಗಿಂತ ಜಾಸ್ತಿ ನಗು ಇದಕ್ಕೆ ಬರುತ್ತದೆ, ಯಾಕೆಂದರೆ ಸಭೆಗೆ ಅದು ತನ್ನದೇ ಗುಟ್ಟು ಅನಿಸುತ್ತದೆ.

ಸಿನಿಮಾದವರ ವಿಷಯ. ನೀವು ಇಟ್ಟ ನಾಲ್ಕು ಮಿಮಿಕ್ರಿಯಲ್ಲಿ ಮೂರನ್ನು ತೆಗೆಯಿರಿ ಅಂತ ನನ್ನ ಸಲಹೆ. ನಮ್ಮ ಜನ ಮಿಮಿಕ್ರಿಯ ಜೊತೆ ಬೆಳೆದವರು. ಕೊಚ್ಚಿಯ ಕಲಾಭವನ್ ಸಂಸ್ಥೆ 1981ರಲ್ಲಿ ಮಿಮಿಕ್ಸ್ ಪರೇಡ್ ಅನ್ನುವ ಮಿಮಿಕ್ರಿ ಕಾರ್ಯಕ್ರಮ ಶುರು ಮಾಡಿತು. ಆ ಮೊದಲ ತಂಡದ ಸಿದ್ದಿಕ್ ಮತ್ತು ಲಾಲ್ ಮುಂದೆ ಮಲಯಾಳ ಸಿನಿಮಾದಲ್ಲಿ ದೊಡ್ಡ ನಿರ್ದೇಶಕರಾದರು. ಆಮೇಲೆ ಕಲಾಭವನ್‌ಗೆ ಬಂದ ಜಯರಾಂ ನಾಯಕ ನಟರಾದರು. ಅಷ್ಟು ಚೆನ್ನಾಗಿ ಮಾಡುವವರನ್ನು ಟಿವಿಯಲ್ಲಿ ನೋಡಿದ ಸಭೆಗೆ ಸಾಧಾರಣ ದನಿ ಸಾಕಾಗುವುದಿಲ್ಲ. ತಾರೆಯರ ದನಿ ಬಿಟ್ಟು, ತಾರೆಯರ ಎದುರು ನಾವು ಹೇಗಾಗ್ತೇವೆ ಅನ್ನುವುದನ್ನು ಹಿಡಿಯಿರಿ. ಸೆಲ್ಫಿಗೆ ತಳ್ಳಾಡುವುದು, ನಟನ ದೂರದ ನೆಂಟ ನಮ್ಮ ಪರಿಚಯದವನು ಅಂತ ಹೇಳಿಕೊಳ್ಳುವುದು, ಇದು ಎಲ್ಲರೂ ಮಾಡಿದ್ದೇ ಅಲ್ವಾ. ಬದುಕಿರುವ ಕಲಾವಿದರ ಸಂಸಾರದ ಬಗ್ಗೆ ಬರೆದ ಆ ಎರಡು ಸಾಲು ಖಂಡಿತ ಬೇಡ. ಕೇಳಿದ ಗಾಳಿಸುದ್ದಿಯನ್ನು ಮೈಕಿನಲ್ಲಿ ಹೇಳಿದರೆ ಅದು ಮಾನಹಾನಿ ಆಗಬಹುದು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 356ನೇ ಕಲಂ. ಕಾನೂನು ಬಿಡಿ, ಕೇಳುವಾಗಲೇ ಬೇಸರ ಆಗುತ್ತದೆ.

ಯಾವ ತಾರೆ ಅಂತ ಆರಿಸುವುದೂ ನಮ್ಮಲ್ಲಿ ಸುಲಭ ಇಲ್ಲ. ಒಂದೇ ಸಾಲಿನ ಕುರ್ಚಿಯಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ ಎಲ್ಲ ಇರುತ್ತದೆ. ಬರೀ ಬೆಂಗಳೂರಿನ ಸಿನಿಮಾ ಸುದ್ದಿ ಅರ್ಧ ಸಭೆಗೆ ತಲುಪುವುದಿಲ್ಲ. ಯೇಸುದಾಸ್, ಎಸ್‌ಪಿಬಿ, ಚಿತ್ರಾ ಕನ್ನಡ, ಮಲಯಾಳ ಎರಡೂ ಕಡೆಯವರಿಗೆ ಗೊತ್ತು, ಹಾಗಾಗಿ ನಿಮ್ಮ ಆಯ್ಕೆ ಸರಿ ಇದೆ. ಯಕ್ಷಗಾನದ ಹಾಡುಗಾರ ಬಲಿಪ ನಾರಾಯಣ ಭಾಗವತರ ಹೆಸರನ್ನೂ ತನ್ನಿ. ಹುಟ್ಟಿದ್ದು ಇಲ್ಲಿಯ ಪಡ್ರೆಯಲ್ಲಿ, 2023ರಲ್ಲಿ ತೀರಿಕೊಂಡರು. ಆ ಏರು ಶ್ರುತಿಯ ಬಗ್ಗೆ ಅಭಿಮಾನದಿಂದ ಎರಡು ಮಾತು ಆಡಿದರೆ ಹಿರಿಯರ ಸಾಲು ಅಲ್ಲೇ ನಿಮ್ಮದಾಗುತ್ತದೆ. ಭಾಷೆಯ ಜೋಕ್ ಮಾಡುವಾಗ ಒಂದು ಸಮುದಾಯದವರ ಉಚ್ಚಾರವನ್ನು ಆಡಿಕೊಳ್ಳಬೇಡಿ. ಬಸ್ಸಲ್ಲಿ ಮಲಯಾಳ, ಅಂಗಡಿಯಲ್ಲಿ ತುಳು, ಸಭೆಯಲ್ಲಿ ಕನ್ನಡ ಅಂತ ದಿನವಿಡೀ ಬದಲಾಗುವ ಮನುಷ್ಯ ಇದ್ದಾನಲ್ಲ, ಅವನೇ ವೇದಿಕೆಗೆ ಬರಲಿ.

ಮೂರನೇ ಭಾಗ, ಹಾಸ್ಯ ಮಾಡುವವರ ಬದುಕು, ಈಗ ತುಂಬಾ ತೆಳ್ಳಗಿದೆ. ದುಡ್ಡಿಲ್ಲ, ಮನೆಯಲ್ಲಿ ಬೈತಾರೆ ಅಂತ ಮಾತ್ರ ಇದೆ. ಒಳಗಿನ ಮಾತು ಬೇರೆ ಇದೆ. ಹಾಡುವವರಿಗೆ ಸಭೆ ಹಳೆಯ ಹಾಡನ್ನೇ ಕೇಳುತ್ತದೆ, ಒನ್ಸ್ ಮೋರ್ ಅನ್ನುತ್ತದೆ. ಜೋಕ್ ಹೇಳುವವರಿಗೆ ಯಾರೂ ಒನ್ಸ್ ಮೋರ್ ಅನ್ನುವುದಿಲ್ಲ. ತಿಂಗಳುಗಟ್ಟಲೆ ಓಪನ್ ಮೈಕಿನಲ್ಲಿ, ಅಂದರೆ ಯಾರು ಬೇಕಾದರೂ ಹತ್ತಿ ಹೇಳಬಹುದಾದ ವೇದಿಕೆಯಲ್ಲಿ, ತಿದ್ದಿ ತೀಡಿದ ಜೋಕ್ ಯೂಟ್ಯೂಬಿಗೆ ಹೋದ ದಿನ ವೇದಿಕೆಯ ಮಟ್ಟಿಗೆ ಮುಗಿಯಿತು. ಅಮೆರಿಕದ ಹಾಸ್ಯಗಾರ ಸ್ಟೀವ್ ಮಾರ್ಟಿನ್ ಕತೆ ಇಲ್ಲಿ ಚೆನ್ನಾಗಿ ಕೂರುತ್ತದೆ. 1970ರ ದಶಕದ ಕೊನೆಗೆ ಅವರು ದೊಡ್ಡ ದೊಡ್ಡ ಕ್ರೀಡಾಂಗಣ ತುಂಬಿಸುತ್ತಿದ್ದರು. ಅಷ್ಟು ಹೆಸರು ಬಂದ ಮೇಲೆ 1981ರ ಹೊತ್ತಿಗೆ ಸ್ಟ್ಯಾಂಡ್‌ಅಪ್ಪನ್ನೇ ಬಿಟ್ಟರು. ಮುಂದೆ ಬ್ಯಾಂಜೊ ಅನ್ನುವ ತಂತಿವಾದ್ಯ ನುಡಿಸಿ ಸಂಗೀತಕ್ಕೇ ಗ್ರ್ಯಾಮಿ ಪ್ರಶಸ್ತಿ ಪಡೆದರು. ಹಾಡು, ಹೆಸರು, ಹಾಸ್ಯದ ಬದುಕು, ನಿಮ್ಮ ಮೂರೂ ವಿಷಯ ಒಬ್ಬರಲ್ಲೇ ಸಿಕ್ಕಿತು. ನಿಮ್ಮಿಬ್ಬರಲ್ಲಿ ಒಬ್ಬರು ಹಾಡುಗಾರನಾಗಬೇಕಿತ್ತು ಅಂತ, ಇನ್ನೊಬ್ಬರು ಜೋಕೇ ದೊಡ್ಡದು ಅಂತ ಜಗಳ ಆಡಿ. ಜಗಳ ಇದ್ದರೆ ಕೇಳುವುದೂ ಉತ್ತರಿಸುವುದೂ ತಾನಾಗಿ ಬರುತ್ತದೆ.

ಇನ್ನು ವೇದಿಕೆಯ ವ್ಯವಸ್ಥೆ. ಸೌಂಡಿನವರಿಗೆ ಮೊದಲೇ ಹೇಳಿ, ಎಕೋ ಪೂರ್ತಿ ತೆಗೆಯಬೇಕು. ನಮ್ಮ ಕಡೆ ಹಾಡಿಗೆ ಅಂತ ಇಟ್ಟ ಎಕೋ ಭಾಷಣಕ್ಕೂ ಹಾಗೇ ಇರುತ್ತದೆ. ಕೊನೆಯ ಪದ ಎರಡು ಸಲ ಕೇಳಿದರೆ ಪಂಚ್, ಅಂದರೆ ನಗು ತರುವ ಆ ಕೊನೆಯ ಮಾತು, ಸತ್ತಿತು. ಇಬ್ಬರಿಗೂ ಬೇರೆ ಬೇರೆ ಮೈಕ್ ಬೇಕೇ ಬೇಕು, ಕೈಯಿಂದ ಕೈಗೆ ದಾಟಿಸಿದರೆ ಮಾತಿನ ಲಯ ಹೋಗುತ್ತದೆ. ಬಾಯಿಂದ ಎರಡು ಬೆರಳಿನಷ್ಟು ದೂರ ಹಿಡಿಯಿರಿ, ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ, ಸ್ಪೀಕರಿನ ಎದುರಿಗೆ ಹೋಗಬೇಡಿ, ಕುಂಯ್ ಅನ್ನುತ್ತದೆ. ಸಭೆಯ ದೀಪ ಪೂರ್ತಿ ಆರಿಸುವುದು ಬೇಡ. ಪಕ್ಕದವರು ನಗುವುದು ಕಂಡರೆ ಜನ ಬೇಗ ನಗ್ತಾರೆ. ಸಮಯ ಊಟಕ್ಕೆ ಮೊದಲು ಕೇಳಿ. ಮಕ್ಕಳ ನೃತ್ಯ, ಬಹುಮಾನ, ಭಾಷಣ ಎಲ್ಲ ಮುಗಿದು ಹತ್ತು ಗಂಟೆ ಹತ್ತಿರ ಬಂದರೆ ಧ್ವನಿವರ್ಧಕದ ನಿಯಮವೂ ಅಡ್ಡ ಬರುತ್ತದೆ.

ಹಾಡಿನ ರೆಕಾರ್ಡ್ ಹಾಕುವ ಯೋಚನೆ ಬಿಡಿ, ನೀವೇ ಎರಡು ಸಾಲು ಹಾಡಿ. ಟಿಕೆಟ್ ಇಲ್ಲದ ಸಭೆಯಲ್ಲಿ ಹವ್ಯಾಸಿ ಸಂಘ ಹಾಡನ್ನು ಪ್ರದರ್ಶಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆ. ಆದರೆ ವಿಡಿಯೋ ಯೂಟ್ಯೂಬಿಗೆ ಹಾಕಿದರೆ ಆ ವಿನಾಯಿತಿ ಅಲ್ಲಿಗೆ ಬರುವುದಿಲ್ಲ. ಸಿನಿಮಾ ಹಾಡು ಕೇಳಿಸಿದರೆ ಹಕ್ಕುದಾರರ ಕ್ಲೇಮ್ ಬರಬಹುದು.

ಈ ವಾರ ಸ್ಕ್ರಿಪ್ಟ್ ಹೊಸದಾಗಿ ಬರೆಯಬೇಡಿ. ಮೊದಲ ಐದು ನಿಮಿಷವನ್ನು ಮಾತ್ರ ಪ್ರಶ್ನೆ-ಉತ್ತರ ಮಾಡಿ, ಮನೆಯವರ ಎದುರು ಹೇಳಿ, ಮೊಬೈಲಿನಲ್ಲಿ ಆಡಿಯೋ ತೆಗೆಯಿರಿ. ನಗು ಎಲ್ಲಿ ಬಂತು, ಎಲ್ಲಿ ನೀವು ನಗುವಿನ ಮೇಲೇ ಮಾತಾಡಿದಿರಿ ಅಂತ ಅದರಲ್ಲಿ ಸ್ಪಷ್ಟ ಕೇಳುತ್ತದೆ. ಆ ಆಡಿಯೋ ಇಲ್ಲೇ ಹಾಕಿ. ಗುಂಪಿನಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವರೂ ಇದ್ದಾರೆ, ಅವರೂ ಕೇಳಿ ಹೇಳಲಿ.