ಸಿಗರೇಟ್ ಬಿಟ್ಟು ವೇಪ್ ಹಿಡಿದೆ, ನಾನು ಈಗಲೂ ವ್ಯಸನಿಯಾ?

ಪ್ರಶ್ನೆ: ನನಗೆ 36 ವರ್ಷ. ತುಮಕೂರಿನಲ್ಲಿ ಮನೆ, ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಕಾಲೇಜು ದಿನಗಳಿಂದ ದಿನಕ್ಕೊಂದು ಪ್ಯಾಕ್ ಸಿಗರೇಟ್ ಸೇದುತ್ತಿದ್ದೆ. ಎರಡು ವರ್ಷದ ಹಿಂದೆ ಗೆಳೆಯನೊಬ್ಬ ವೇಪ್ (ಲಿಕ್ವಿಡ್ ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟ್) ತಂದುಕೊಟ್ಟ. ಆಮೇಲೆ ಸಿಗರೇಟ್ ಮುಟ್ಟಿಲ್ಲ, ಕೆಮ್ಮು ಕಡಿಮೆಯಾಗಿದೆ. ಆದರೆ ಹೆಂಡತಿ, ‘ಒಂದು ಚಟ ಬಿಟ್ಟು ಇನ್ನೊಂದು ಹಿಡಿದ್ರಿ, ಮನಸ್ಸು ಗಟ್ಟಿ ಇದ್ದಿದ್ರೆ ಯಾವತ್ತೋ ಬಿಡ್ತಿದ್ರಿ’ ಅನ್ನುತ್ತಾಳೆ. ಇದು ಬರೀ ಅವಲಂಬನೆ ಅಂತ ನನ್ನ ವಾದ. ಅಪ್ಪ ದಿನಾ ಬಿಪಿ ಮಾತ್ರೆ ನುಂಗಲ್ವಾ, ಹಾಗೆ. ಈ ಯುಗಾದಿಗೆ ಮಧುಗಿರಿಯ ಮಾವನ ಮನೆಯಲ್ಲಿ ಲಿಕ್ವಿಡ್ ಖಾಲಿಯಾಯಿತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ, ಫ್ಯಾಕ್ಟರಿಯಿಂದ ಫೋನ್ ಬಂತು ಅಂತ ಸುಳ್ಳು ಹೇಳಿ ಬೈಕ್ ಹತ್ತಿ ತುಮಕೂರಿಗೆ ಬಂದೆ. ಅವಳಿಗೆ ಈಗಲೂ ಗೊತ್ತಿಲ್ಲ. ಮಗಳಿಗೆ ಐದು ವರ್ಷ. ನಾನು ವ್ಯಸನಿಯಾ?
– ಹೆಸರು ಬೇಡ, ತುಮಕೂರು

ಉತ್ತರ: ಸಿಗರೇಟ್ ಬಿಟ್ಟು ಎರಡು ವರ್ಷವಾಗಿದೆ ಅಂದರೆ ಅದು ಸಣ್ಣ ಮಾತಲ್ಲ. ತಂಬಾಕು ಸುಟ್ಟಾಗ ಬರುವ ಟಾರು, ಕಾರ್ಬನ್ ಮೊನಾಕ್ಸೈಡ್ ಈಗ ನಿಮ್ಮ ಶ್ವಾಸಕೋಶಕ್ಕೆ ಹೋಗುತ್ತಿಲ್ಲ. ಇದನ್ನು ನಿಮ್ಮ ಮನೆಯವರೂ ಒಪ್ಪಿಕೊಳ್ಳಬೇಕು. ಮನಸ್ಸು ಗಟ್ಟಿ ಇಲ್ಲ ಅನ್ನುವ ಮಾತನ್ನೂ ಅವರು ಬಿಡಬೇಕು.

ಚಟ ಹಿಡಿಸುವುದು ನಿಕೋಟಿನ್, ಅದು ಸಿಗರೇಟಿನಲ್ಲೂ ಇದೆ, ವೇಪ್ ಲಿಕ್ವಿಡ್‌ನಲ್ಲೂ ಇದೆ. ಎಳೆದ ಕೆಲವೇ ಸೆಕೆಂಡಿನಲ್ಲಿ ಅದು ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಆಗ ಚಡಪಡಿಕೆ, ಸಿಡಿಮಿಡಿ ಶುರು. ವರ್ಷಗಟ್ಟಲೆ ಸೇದಿದ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಅಲ್ಲಿಯವರೆಗೆ ನಿಮ್ಮ ವಾದ ಸರಿ. ಅದು ಅವಲಂಬನೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ವೇಪ್ ಬೇಕೇ ಬೇಕು ಅನ್ನಿಸುತ್ತಾ ಅಂತ ಗಮನಿಸಿ. ಅವಲಂಬನೆ ಎಷ್ಟು ಬಲವಾಗಿದೆ ಅಂತ ತಿಳಿಯಲು ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.

ಆದರೆ ಬಿಪಿ ಮಾತ್ರೆಯ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಮಾತ್ರೆಗಾಗಿ ನಿಮ್ಮ ತಂದೆ ಯಾರಿಗೂ ಸುಳ್ಳು ಹೇಳಿರಲಿಕ್ಕಿಲ್ಲ. ನೀವು ಹಬ್ಬದ ಎಲೆ ಬಿಟ್ಟು, ನಲವತ್ತು ಕಿಲೋಮೀಟರ್ ಆಸುಪಾಸು ದೂರ, ಮಟಮಟ ಮಧ್ಯಾಹ್ನ ಬೈಕ್ ಓಡಿಸಿದ್ದೀರಿ. ಒಬ್ಬಟ್ಟು ಬಡಿಸಲು ಅತ್ತೆ ಕಾಯುತ್ತಿದ್ದರು, ಮಗಳು ಪಕ್ಕದಲ್ಲೇ ಇದ್ದಿರಬೇಕು. ಅದೆಲ್ಲಕ್ಕಿಂತ ಆ ಪುಟ್ಟ ಬಾಟಲಿ ಮೇಲಾಯಿತು. ವೈದ್ಯರು ವ್ಯಸನ ಅನ್ನುವುದು ಇಂಥದ್ದನ್ನೇ: ಕಡಿಮೆ ಮಾಡಬೇಕು ಅಂದರೂ ಆಗದಿರುವುದು, ಮನೆ-ಮಂದಿ-ಕೆಲಸಕ್ಕಿಂತ ಅದೇ ಮುಂದಾಗುವುದು, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಬಿಡಲಾಗದಿರುವುದು. ಇಷ್ಟು ದೂರದಿಂದ ನಿಮಗೆ ಹಣೆಪಟ್ಟಿ ಹಚ್ಚುವುದು ನನ್ನ ಕೆಲಸವಲ್ಲ. ಆದರೆ ಆ ದಿನ ಗೆರೆ ದಾಟಿದ್ದೀರಿ ಅಂತ ನೇರವಾಗಿಯೇ ಹೇಳುತ್ತೇನೆ.

ಇನ್ನೊಂದು ವಿಷಯ. ಸಿಗರೇಟ್ ಸುಟ್ಟು ಮುಗಿಯುತ್ತದೆ, ಪ್ಯಾಕ್ ನೋಡಿದರೆ ಎಷ್ಟು ಸೇದಿದ್ದೀರಿ ಅಂತ ಲೆಕ್ಕ ಸಿಗುತ್ತದೆ. ವೇಪ್‌ಗೆ ಕೊನೆ ಅನ್ನೋದೇ ಇಲ್ಲ. ಟಿವಿ ನೋಡುತ್ತಾ, ಬಾತ್‌ರೂಮಿನಲ್ಲಿ, ಮಲಗುವ ಮುಂಚೆ, ಹೀಗೆ ಸುಮ್ನೆ ಎಳೆಯುತ್ತಲೇ ಇರಬಹುದು. ಮುಂಚಿಗಿಂತ ಜಾಸ್ತಿ ನಿಕೋಟಿನ್ ಹೋದರೂ ಗೊತ್ತಾಗುವುದಿಲ್ಲ. ಮೇಲಾಗಿ ಕರ್ನಾಟಕ 2016ರಲ್ಲೇ ಇದರ ಮಾರಾಟ ನಿಷೇಧಿಸಿತ್ತು, 2019ರಿಂದ ದೇಶದಾದ್ಯಂತ ತಯಾರಿಕೆ, ಆಮದು, ಮಾರಾಟ, ದಾಸ್ತಾನು ಎಲ್ಲದಕ್ಕೂ ನಿಷೇಧವಿದೆ. ನಿಮ್ಮ ಕೈಗೆ ಬರುವುದೆಲ್ಲ ಕಳ್ಳಮಾರ್ಗದ ಮಾಲು. ಬಾಟಲಿಯಲ್ಲಿ ನಿಜಕ್ಕೂ ಏನಿದೆ ಅಂತ ನೋಡುವವರಿಲ್ಲ. ಆ ಲಿಕ್ವಿಡ್ ಮಗು ಕುಡಿದರೆ ಪ್ರಾಣಕ್ಕೇ ಅಪಾಯ. ಈ ಪತ್ರ ಓದಿ ಮುಗಿಸುವ ಮೊದಲೇ ಅದನ್ನು ಬೀಗ ಹಾಕುವ ಜಾಗದಲ್ಲಿಡಿ.

ಹಾಗಂತ ಜಗಳದ ಸಿಟ್ಟಿನಲ್ಲಿ ವೇಪ್ ನೆಲಕ್ಕೆ ಬಡಿದು ಒಡೆಯಬೇಡಿ. ಮರುದಿನ ಬೆಳಿಗ್ಗೆ ಫ್ಯಾಕ್ಟರಿ ಗೇಟಿನ ಎದುರಿನ ಅಂಗಡಿಯಲ್ಲಿ ಸಿಗರೇಟ್ ಹಚ್ಚಿದರೆ ಎರಡು ವರ್ಷದ ಗಳಿಕೆ ಹೋಯಿತು. ನೈಟ್ ಶಿಫ್ಟ್ ಇಲ್ಲದ ಒಂದು ವಾರ ನೋಡಿ ವೇಪ್ ಬಿಡುವ ದಿನ ಗೊತ್ತು ಮಾಡಿಕೊಳ್ಳಿ. ಅದಕ್ಕೆ ಮುಂಚೆ ವೈದ್ಯರನ್ನು ಕಂಡು ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪ್ಯಾಚ್ ಬಗ್ಗೆ ಕೇಳಿ. 2 ಮಿಲಿಗ್ರಾಂ ಗಮ್ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ, ಆದರೆ ನಿಮಗೆ 4 ಮಿಲಿಗ್ರಾಂ ಬೇಕಾಗಬಹುದು, ಅದಕ್ಕೆ ಚೀಟಿ ಬೇಕು. ಅದರಲ್ಲೂ ನಿಕೋಟಿನ್ನೇ ಅಲ್ವಾ ಅಂದರೆ ಹೌದು. ಆದರೆ ಗಮ್‌ನಿಂದ ಅದು ಬಾಯಿಯ ಒಳಚರ್ಮದ ಮೂಲಕ ನಿಧಾನವಾಗಿ ಸೇರುತ್ತದೆ, ಎಷ್ಟು ಅಂತ ಲೆಕ್ಕವಿರುತ್ತದೆ, ತಿಂಗಳುಗಳಲ್ಲಿ ಇಳಿಸುತ್ತಾ ಹೋಗಬಹುದು. ಚೂಯಿಂಗ್ ಗಮ್ ಥರ ಒಂದೇ ಸಮನೆ ಅಗಿಯಬೇಡಿ. ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಸಂದಿಗೆ ಒತ್ತಿಡಿ, ಚುರುಕು ಇಳಿದ ಮೇಲೆ ಮತ್ತೆ ಅಗಿಯಿರಿ. ಅದಕ್ಕೆ ಹದಿನೈದು ನಿಮಿಷ ಮುಂಚಿನಿಂದ ಟೀ, ಕಾಫಿ ಬೇಡ, ಕುಡಿದರೆ ಗಮ್ ಸರಿಯಾಗಿ ಹಿಡಿಯುವುದಿಲ್ಲ.

ಮೊದಲ ಎರಡು ಮೂರು ದಿನ ಕಷ್ಟ. ನಿದ್ದೆ ಬರುವುದಿಲ್ಲ, ಎಲ್ಲದಕ್ಕೂ ರೇಗುತ್ತೀರಿ, ಹಸಿವು ಜಾಸ್ತಿ. ಮೂರು ನಾಲ್ಕು ವಾರದಲ್ಲಿ ಹೆಚ್ಚಿನಂಶ ಇಳಿಯುತ್ತದೆ. ಇದನ್ನು ಹೆಂಡತಿಗೆ ಮೊದಲೇ ಹೇಳಿ, ಜೊತೆಗೆ ಯುಗಾದಿ ದಿನ ಎಲ್ಲಿಗೆ ಹೋಗಿದ್ದಿರಿ ಅನ್ನುವುದನ್ನೂ ಹೇಳಿ. ಬೈಯಬಹುದು, ಬೈಯಲಿ. ಆ ಸುಳ್ಳು ಇರುವಷ್ಟು ದಿನ ನೀವು ವೇಪ್ ಬಚ್ಚಿಡುತ್ತೀರಿ, ಅವರು ಜೇಬು ತಡಕುತ್ತಾರೆ.

ಆಸೆ ಎದ್ದಾಗ ಒಬ್ಬರೇ ಒದ್ದಾಡಬೇಡಿ. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ, ಕನ್ನಡದಲ್ಲೇ ಮಾತನಾಡುತ್ತಾರೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ನಡುವೆ ಒಂದು ದಿನ ಜಾರಿ ವೇಪ್ ಎಳೆದರೂ ಎಲ್ಲ ಹಾಳಾಯಿತು ಅಂತ ಕೈಬಿಡಬೇಡಿ. ಅವತ್ತೇ ಸಹಾಯವಾಣಿಗೆ ಫೋನ್ ಮಾಡಿ, ಸಿಗರೇಟಿನ ಕಡೆಗೆ ಮಾತ್ರ ಹೋಗಬೇಡಿ.