ಆ ಭಾನುವಾರ ಓದಿದ ವಾಕ್ಯ ಯಾವುದು?

ಕಳೆದ ಕೆಲವು ವರ್ಷಗಳಲ್ಲಿ ಒಂದೇ ತರಹದ ತೊಂದರೆ ಹೊತ್ತುಕೊಂಡು ಮೂರು ಜನ ಕ್ರೀಡಾ ತರಬೇತುದಾರರು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದಿದ್ದಾರೆ. ಮೂವರೂ ಕ್ರೈಸ್ತರು. ದೇವಾಲಯಕ್ಕೆ ಹೋಗಬೇಕಾದ ದಿನವೇ ಮೈದಾನಕ್ಕೂ ಹೋಗಬೇಕು, ಎರಡೂ ಕಡೆ ಬೈಸಿಕೊಳ್ಳಬೇಕು.

ಮೊದಲನೆಯವರು ಕಥೋಲಿಕರು, ವಾಲಿಬಾಲ್ ಕೋಚ್. ಅವರ ಸಮಸ್ಯೆ ಬೇಗ ಬಗೆಹರಿಯಿತು. ಕಥೋಲಿಕ ಸಭೆಯ, ಅಂದರೆ ಚರ್ಚಿನ, ನಿಯಮದಲ್ಲಿ ಶನಿವಾರ ಸಂಜೆಯ ಪೂಜೆ ಭಾನುವಾರದ ಲೆಕ್ಕಕ್ಕೇ ಬರುತ್ತದೆ. ಅದು ಅವರಿಗೂ ಗೊತ್ತಿತ್ತು, ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು ಅಷ್ಟೆ. ಎರಡನೆಯವರು ಅಡ್ವೆಂಟಿಸ್ಟ್ ಸಭೆಯವರು. ಅವರಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ತು, ಅಂದರೆ ವಾರದ ವಿಶ್ರಾಂತಿ-ಆರಾಧನೆಯ ದಿನ. ಶಾಲಾ ಕ್ರೀಡಾಕೂಟಗಳಲ್ಲಿ ಶನಿವಾರ ತಪ್ಪಿಸುವುದು ಭಾನುವಾರ ತಪ್ಪಿಸುವುದಕ್ಕಿಂತ ಕಷ್ಟ. ಅದರ ಬಗ್ಗೆ ಬೇರೆ ಯಾವಾಗಲಾದರೂ ಬರೆಯುತ್ತೇನೆ.

ಮೂರನೆಯವರ ಪ್ರಕರಣ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಹೆಸರು ಬೇಡ. ಮಾಸ್ಟ್ರು ಅನ್ನೋಣ.

ಕರಾವಳಿಯ ಒಂದು ಸಣ್ಣ ಊರು. ವಯಸ್ಸು ನಲವತ್ತರ ಒಳಗೆ. ಶಾಲೆಯಲ್ಲಿ ದೈಹಿಕ ಶಿಕ್ಷಕರು. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಆರು ವಾರದ ಕೋಚಿಂಗ್ ಕೋರ್ಸ್ ಮಾಡಿಕೊಂಡು, ಸಂಜೆ ಹೊತ್ತು ಇಪ್ಪತ್ತೆರಡು ಮಕ್ಕಳಿಗೆ ಓಟ ಕಲಿಸುತ್ತಾರೆ. ಹೆಂಡತಿ ನರ್ಸ್, ಒಬ್ಬಳು ಮಗಳು. ಹಳೆಯ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆ) ಕುಟುಂಬ. ಮುತ್ತಜ್ಜ ಮಿಶನ್ನಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು.

ಈ ಮುತ್ತಜ್ಜನ ವಿಷಯ ಸುಮ್ನೆ ಹೇಳುತ್ತಿಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ಕ್ರೈಸ್ತರಾದವರಿಗೆ ಮನೆ, ಜಾತಿ, ಕಸುಬು ಮೂರೂ ತಪ್ಪಿಹೋಗುತ್ತಿದ್ದವು. ಮಿಶನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು, ಕೆಲಸ ಕೊಟ್ಟಿತು, ಶಾಲೆ ಕೊಟ್ಟಿತು. ಹಾಗಾಗಿ ಈ ಮನೆತನಗಳಿಗೆ ಸಭೆ ಅಂದರೆ ಬಂಧು-ಬಳಗ, ಬೆನ್ನಿಗಿರುವ ಊರು. ಸಭೆಯ ಹಿರಿಯರು ಮುಖ ತಿರುಗಿಸಿದರೆ ಚಿಕ್ಕಪ್ಪ ದೊಡ್ಡಪ್ಪ ಎಲ್ಲ ಒಟ್ಟಿಗೆ ಮುಖ ತಿರುಗಿಸಿದ ಹಾಗೆ. "ಚರ್ಚಿಗೆ ಹೋಗದಿದ್ದರೆ ಏನಾಯ್ತು, ಬಿಡಿ" ಅಂತ ಹೇಳುವ ಸಲಹೆಗಾರರಿಗೆ ಇದು ಗೊತ್ತಿರುವುದಿಲ್ಲ. ನನಗೆ ಗೊತ್ತು. ನಾನೂ ಅಂಥದೇ ಮನೆಯವಳು.

ತೊಂದರೆ ಶುರುವಾದದ್ದು ಹೀಗೆ. ಮಕ್ಕಳಿಗೆ ಶನಿವಾರ ಬೆಳಗ್ಗಿನ ಶಾಲೆ ಇರುತ್ತದೆ. ಪೂರ್ತಿ ಬಿಡುವು ಅಂತ ಸಿಗುವುದು ಭಾನುವಾರ ಮಾತ್ರ. ಹಾಗಾಗಿ ದೂರದ ಓಟದ ಅಭ್ಯಾಸವನ್ನು ಮಾಸ್ಟ್ರು ಭಾನುವಾರ ಬೆಳಗ್ಗೆ ಇಟ್ಟುಕೊಂಡರು. ಕ್ರೀಡಾಕೂಟಗಳೂ ಹೆಚ್ಚಾಗಿ ಶನಿವಾರ-ಭಾನುವಾರವೇ. ಐದು ತಿಂಗಳು ಆರಾಧನೆಗೆ ಸರಿಯಾಗಿ ಹೋಗಲಾಗಲಿಲ್ಲ. ಅವರು ಸಭೆಯ ಸಮಿತಿಯಲ್ಲಿದ್ದವರು, ಸತ್ಯವೇದ (ಬೈಬಲ್) ಓದುವ ಸರದಿಯೂ ಅವರಿಗಿತ್ತು. ಮೊದಲು ವಾಟ್ಸಾಪ್ ಗುಂಪಿನಲ್ಲಿ ಹೆಸರು ಹೇಳದೆ ಒಂದು ಮಾತು ಬಂತು. ಆಮೇಲೆ ಇಬ್ಬರು ಹಿರಿಯರು ಮನೆಗೇ ಬಂದರು. ದೇಹದ ಸಾಧನೆಯಿಂದ ಸ್ವಲ್ಪವೇ ಲಾಭ ಅಂತ ಪೌಲನು ತಿಮೊಥೆಯನಿಗೆ ಬರೆದದ್ದನ್ನು ಓದಿದರು. ಹೋಗುವಾಗ ಭಾನುವಾರ ಓಡಲು ಒಪ್ಪದ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್‌ನ ಕಥೆ ಹೇಳಿ, "ಅವನು ಒಲಿಂಪಿಕ್ಸನ್ನೇ ಬಿಟ್ಟ, ನಿನಗೆ ತಾಲೂಕು ಮಟ್ಟದ್ದು ಬಿಡ್ಲಿಕ್ಕೆ ಆಗುದಿಲ್ವಾ?" ಅಂದರು.

ಮಾಸ್ಟ್ರು ಅವತ್ತೇ ತೀರ್ಮಾನ ಮಾಡಿದರು, ಇನ್ನು ಒಂದು ಭಾನುವಾರವೂ ತಪ್ಪಿಸುವುದಿಲ್ಲ ಅಂತ. ಮೂರು ವಾರದ ನಂತರ ಜಿಲ್ಲಾ ಕೂಟ ಬಂತು.

ನನ್ನ ಹತ್ತಿರ ಬಂದಾಗ ಅವರು ಹೇಳಿದ್ದು ನಿದ್ದೆ ಬರುವುದಿಲ್ಲ, ಎದೆ ಉರಿ, ಮಗಳ ಮೇಲೆ ಸುಮ್ಮಸುಮ್ಮನೆ ಕೂಗಾಡುತ್ತೇನೆ ಅಂತ. ಮೊದಲು ಡಾಕ್ಟರಿಗೆ ತೋರಿಸಲು ಕಳಿಸಿದೆ. ಎರಡು ಭೇಟಿ ಹೀಗೇ ಕಳೆದವು. ಮೂರನೆಯ ಸಲ ಆ ಜಿಲ್ಲಾ ಕೂಟದ ಮಾತು ಬಂತು.

ಅವರ ಗುಂಪಿನ ಒಬ್ಬ ಹುಡುಗಿ, ಒಂಬತ್ತನೇ ಕ್ಲಾಸು, 800 ಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದಳು. ಓಡಿ ಬೆಳೆದದ್ದೆಲ್ಲ ಶಾಲೆಯ ಮಣ್ಣಿನ ಮೈದಾನದಲ್ಲಿ, 200 ಮೀಟರಿನ ಸುತ್ತು. ಸಿಂಥೆಟಿಕ್ ಟ್ರ್ಯಾಕ್ ಮೇಲೆ ಅವಳು ಕಾಲಿಡುವುದು ಅದೇ ಮೊದಲು. ಹೀಟ್ಸ್ (ಫೈನಲ್‌ಗೆ ಆರಿಸುವ ಮೊದಲ ಸುತ್ತು) ಇರಲಿಲ್ಲ, ನೇರ ಫೈನಲ್, ಭಾನುವಾರ ಬೆಳಗ್ಗೆ.

ಮಾಸ್ಟ್ರು ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದು ಅಡ್ಡ ಇಟ್ಟರು. "ಇದು ಬ್ರೇಕ್‌ಲೈನ್ ಮೇಡಂ. ಮೊದಲ ತಿರುವು ಮುಗಿದ ಕೂಡಲೇ ಬರ್ತದೆ. ಹಸಿರು ಗೆರೆ, ಹೀಗೆ ಬಾಗಿರ್ತದೆ." ಪಕ್ಕದಲ್ಲಿದ್ದ ಔಷಧದ ಬಾಟಲಿ ಮುಚ್ಚಳ ಎರಡನ್ನು ಗೆರೆಯ ಮೇಲಿಟ್ಟರು. "ಇಲ್ಲಿ ಸಣ್ಣ ಕೋನ್ ಇಟ್ಟಿರ್ತಾರೆ. ಅಲ್ಲಿವರೆಗೆ ಅವರವರ ಲೇನಲ್ಲೇ ಓಡ್ಬೇಕು. ದಾಟಿದ ಮೇಲೆ ಒಳಗೆ ಬರ್ಬಹುದು. ಮೊದಲೇ ಬಂದ್ರೆ ಹೊರಗೆ."

"ಅವಳಿಗೆ ಗೊತ್ತಿತ್ತಾ?"

"ಬಾಯಲ್ಲಿ ಹೇಳಿದ್ದೆ. ಕರ್ಕೊಂಡು ಹೋಗಿ ತೋರಿಸ್ಬೇಕಿತ್ತು. ಬೆಳಗ್ಗೆ ಬೇಗ ಹೋಗಿ ಆ ಗೆರೆಯವರೆಗೆ ನಡೆಸಿ, ಕಾಲಲ್ಲೇ ತೋರಿಸುವ ಅಂತ ಇದ್ದೆ. ಆಮೇಲೆ ಹೋಗ್ಲೇ ಇಲ್ಲ."

ಹುಡುಗಿ ತಿರುವು ಮುಗಿಯುವ ಮೊದಲೇ ಒಳಗೆ ಬಂದಳು. ಎರಡನೆಯವಳಾಗಿ ಗುರಿ ಮುಟ್ಟಿದಳು. ಸರ್ಟಿಫಿಕೇಟು ಕೊಡುವಾಗ ಅವಳ ಹೆಸರು ಇರಲಿಲ್ಲ. ಯಾಕೆ ಅಂತ ಕೇಳಲೂ ಜೊತೆಗೆ ಯಾರೂ ಇರಲಿಲ್ಲ. ಸಂಜೆ ಅವಳೇ ಮಾಸ್ಟ್ರಿಗೆ ಫೋನ್ ಮಾಡಿ, "ಸಾರಿ ಸರ್, ನನ್ನದೇ ತಪ್ಪು" ಅಂದಳಂತೆ. ಮರುವಾರದಿಂದ ಅಪ್ಪ ಅವಳನ್ನು ಕಳಿಸಲಿಲ್ಲ.

ಇಷ್ಟು ಹೇಳಿ ಮಾಸ್ಟ್ರು, "ಆದ್ರೆ ನಾನು ದೇವರಿಗೋಸ್ಕರ ತ್ಯಾಗ ಮಾಡಿದ್ದಲ್ವಾ ಮೇಡಂ?" ಅಂದರು. ದನಿಯಲ್ಲಿ ಬೇಡಿಕೆ ಇತ್ತು. ಹೌದು ಅನ್ನಲಿ ಅಂತ ಕಾದಿದ್ದರು.

ನಾನು ಹೌದು ಅನ್ನಲಿಲ್ಲ. "ಆವತ್ತು ಓದುವ ಸರದಿ ನಿಮ್ಮದೇ ಅಲ್ವಾ? ಯಾವ ವಾಕ್ಯ ಓದಿದಿರಿ?" ಅಂತ ಕೇಳಿದೆ.

"ಕೀರ್ತನೆ..." ಅಂದರು. "ಅಲ್ಲ. ಯೆಶಾಯ ಇರ್ಬೇಕು." ಸುಮ್ಮನಾದರು. ಪೆನ್ನನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. "ನೆನಪಾಗ್ತಾ ಇಲ್ಲ ಮೇಡಂ. ನಾನೇ ಓದಿದ್ದು. ಪುಸ್ತಕ ಮುಚ್ಚಿ ಬಂದು ಕೂತದ್ದು ನೆನಪುಂಟು. ಗೋಡೆ ಗಡಿಯಾರ ನೋಡಿದ್ದು ನೆನಪುಂಟು. ಹತ್ತು ಇಪ್ಪತ್ತು. ಈಗ ಕರೀತಾರೆ ಹುಡುಗಿಯರನ್ನು ಅಂದ್ಕೊಂಡೆ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ, "ಯಾರಿಗೆ ಹೆದರಿ ಹೋದಿರಿ ಆವತ್ತು?"

"ದೇವರಿಗಲ್ಲ" ಅಂದರು. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಆ ದಿನ ನಾನು ಅವರಿಗೆ ಲಿಡೆಲ್‌ನ ಕಥೆಯ ಉಳಿದರ್ಧ ಹೇಳಿದೆ. ನಮ್ಮ ಸಭೆಗಳಲ್ಲಿ ಈ ಕಥೆ ಯಾವಾಗಲೂ ಪ್ಯಾರಿಸ್‌ನಲ್ಲೇ ಮುಗಿಯುತ್ತದೆ. 1924ರ ಒಲಿಂಪಿಕ್ಸ್, 100 ಮೀಟರಿನ ಹೀಟ್ಸ್ ಭಾನುವಾರ ಬಿತ್ತು, ಅವನು ಓಡಲಿಲ್ಲ, ಆಮೇಲೆ 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದ. ನಿಜ. ಆದರೆ ವೇಳಾಪಟ್ಟಿ ಅವನಿಗೆ ತಿಂಗಳುಗಳ ಮೊದಲೇ ತಿಳಿದಿತ್ತು, ಮೊದಲೇ ಹೇಳಿದ್ದ, 400ಕ್ಕೆ ತಯಾರಾಗಲು ಸಮಯವಿತ್ತು. ರಿಲೇಯನ್ನೂ ಬಿಟ್ಟ, ಅದರಲ್ಲಿ ಜೊತೆಗಾರರಿದ್ದರು. ಅವರೂ ದೊಡ್ಡವರು, ಬೇರೆ ಏರ್ಪಾಡು ಮಾಡಿಕೊಂಡರು. ಓಡುವ ಕಾಲು ಅವನದು, ಬಿಟ್ಟದ್ದೂ ಅವನ ಓಟ.

ಆಮೇಲೆ ಅವನು ಚೀನಾಕ್ಕೆ ಹೋಗಿ ಮಿಶನರಿ ಆದ. ಯುದ್ಧದ ಕಾಲದಲ್ಲಿ ಜಪಾನಿನವರು ಅವನನ್ನು ವೈಶಿಯನ್ ಎಂಬಲ್ಲಿನ ಬಂಧನ ಶಿಬಿರದಲ್ಲಿಟ್ಟರು. ಅಲ್ಲಿ ತಂದೆ-ತಾಯಿಯಿಂದ ದೂರವಾದ ಮಕ್ಕಳಿದ್ದರು. ಅವರಿಗೆ ಪಾಠ ಹೇಳಿದ, ಆಟ ಆಡಿಸಿದ. ಭಾನುವಾರ ಮಾತ್ರ ಆಟ ಇಲ್ಲ. ಹುಡುಗರು ಕೇಳಲಿಲ್ಲ, ತಾವೇ ಹಾಕಿ ಆಡಲು ಹೋದರು. ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಹೊಡೆದಾಟವಾಯಿತು. ಮುಂದಿನ ಭಾನುವಾರ ಲಿಡೆಲ್ ತಾನೇ ಮೈದಾನಕ್ಕೆ ಹೋಗಿ ರೆಫರಿಯಾಗಿ ನಿಂತ. 1945ರ ಫೆಬ್ರುವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮಿದುಳಿನ ಗಡ್ಡೆಯಿಂದ ಅದೇ ಶಿಬಿರದಲ್ಲಿ ತೀರಿಕೊಂಡ.

ಚಿನ್ನದ ಪದಕಕ್ಕೋಸ್ಕರ ಮುರಿಯದ ನೇಮವನ್ನು ಅವನು ಮಕ್ಕಳಿಗೋಸ್ಕರ ಸಡಿಲ ಮಾಡಿದ. ಓಟಗಾರನಾಗಿದ್ದಾಗ ಅವನು ತನ್ನ ಭಾನುವಾರದ ಬಗ್ಗೆ ಮಾತ್ರ ತೀರ್ಮಾನಿಸಬಹುದಿತ್ತು. ಮಕ್ಕಳನ್ನು ವಹಿಸಿಕೊಂಡ ಮೇಲೆ ಹಾಗಿರಲಿಲ್ಲ. ಮಾಸ್ಟ್ರಿಗೆ ನಾನು ಹೇಳಿದ್ದು ಇಷ್ಟೇ: "ನೀವು ಓಟಗಾರರಾಗಿದ್ದರೆ ಆ ಭಾನುವಾರ ದೇವಾಲಯದಲ್ಲಿ ಕೂತದ್ದು ನಿಮ್ಮ ತ್ಯಾಗ. ನೀವು ಕೋಚ್. ಆವತ್ತು ಕಳೆದುಕೊಂಡದ್ದು ಆ ಹುಡುಗಿ. ಅವಳನ್ನು ನೀವು ಕೇಳಿರಲಿಲ್ಲ."

ಕಠಿಣ ಮಾತು. ಹೇಳಬೇಕೋ ಬೇಡವೋ ಅಂತ ಆ ಕ್ಷಣದಲ್ಲೂ ಯೋಚಿಸಿದೆ. ತಪ್ಪಿತಸ್ಥ ಭಾವದಿಂದ ನಿದ್ದೆಗೆಟ್ಟವರ ಮೇಲೆ ಇನ್ನೊಂದು ಹೊರೆ ಹಾಕಬಾರದು ಅಂತ ನಮಗೆ ಕಲಿಸಿರುತ್ತಾರೆ. ಆದರೆ ಅವರ ನಿದ್ದೆಗೆಡಿಸಿದ್ದು ಇದೇ. ಅದಕ್ಕೆ ತ್ಯಾಗ ಅಂತ ಹೆಸರಿಟ್ಟಷ್ಟು ದಿನ ಅದು ಒಳಗೇ ಕೊಳೆಯುತ್ತಿತ್ತು.

ಮುಂದಿನ ಎರಡು ಭೇಟಿಗಳಲ್ಲಿ ಕೆಲಸದ ಮಾತು. ಅಭ್ಯಾಸ ನಿಮ್ಮ ಕೈಯಲ್ಲಿದೆ, ಕೂಟದ ದಿನಾಂಕ ನಿಮ್ಮ ಕೈಯಲ್ಲಿಲ್ಲ ಅಂತ ಬೇರೆ ಮಾಡಿಸಿದೆ. ಭಾನುವಾರದ ಅಭ್ಯಾಸ ಪೂರ್ತಿ ನಿಲ್ಲಿಸಿ, ದೂರದ ಓಟವನ್ನು ಶನಿವಾರ ಸಂಜೆ ಬಿಸಿಲು ಇಳಿದ ಮೇಲೆ ಇಡಿ. ಮಕ್ಕಳಿಗೂ ವಾರಕ್ಕೊಂದು ದಿನ ವಿಶ್ರಾಂತಿ ಬೇಕು, ಅದು ತರಬೇತಿಯ ಲೆಕ್ಕದಲ್ಲೂ ಸರಿ. ಭಾನುವಾರ ಕೂಟ ಬಿದ್ದರೆ ಹೋಗಿ, ಮುಚ್ಚಿಡದೆ ಹೋಗಿ. ದಿನಾಂಕ ಗೊತ್ತಾದ ಕೂಡಲೇ ಸಭಾಪಾಲಕರ ಮನೆಗೆ ಹೋಗಿ ಎದುರು ಕೂತು ಹೇಳಿ, ವಾಟ್ಸಾಪ್ ಗುಂಪಿನಲ್ಲಿ ಬೇಡ. ಸಮಿತಿಯ ಸ್ಥಾನ ಭಾರವಾದರೆ ಸ್ಥಾನ ಬಿಡಿ, ಸಭೆ ಬಿಡಬೇಡಿ.

ಇನ್ನೊಂದು ವಿಷಯಕ್ಕೆ ಅವರಿಗೆ ನನ್ನ ಮೇಲೆ ಬೇಸರವಾಯಿತು. ಓಟದ ಮೊದಲು ಮಕ್ಕಳನ್ನು ಸುತ್ತ ನಿಲ್ಲಿಸಿ, ಕೈ ಹಿಡಿಸಿ ಪ್ರಾರ್ಥನೆ ಮಾಡಿಸುವ ಅಭ್ಯಾಸ ಅವರಿಗಿತ್ತು. ಇಪ್ಪತ್ತೆರಡು ಮಕ್ಕಳಲ್ಲಿ ಕ್ರೈಸ್ತರು ಮೂವರು. "ಯಾರೂ ಬೇಡ ಅಂದಿಲ್ಲ ಮೇಡಂ" ಅಂದರು. ತಂಡಕ್ಕೆ ಯಾರು ಅಂತ ಪಟ್ಟಿ ಬರೆಯುವವರ ಹತ್ತಿರ ಯಾವ ಮಗು ಬೇಡ ಅನ್ನುತ್ತದೆ? ಬೇರೆ ಧರ್ಮದ ಕೋಚ್ ನಿಮ್ಮ ಮಗಳನ್ನು ಹಾಗೆ ನಿಲ್ಲಿಸಿದರೆ ನಿಮಗೆ ಒಪ್ಪಿಗೆಯಾ ಅಂತ ಕೇಳಿದೆ. ಉತ್ತರ ಕೊಡಲಿಲ್ಲ. ಪ್ರಾರ್ಥನೆ ಬಿಡಿ ಅಂತ ನಾನು ಹೇಳಲಿಲ್ಲ. ಮಕ್ಕಳು ವಾರ್ಮ್‌ಅಪ್ ಮಾಡುವಾಗ ಬದಿಗೆ ಹೋಗಿ ಒಬ್ಬರೇ ಮಾಡಿ, ಇಪ್ಪತ್ತೆರಡೂ ಹೆಸರು ಹಿಡಿದು ಮಾಡಿ ಅಂದೆ. ಕಾನೂನಿಗೆ ಹೆದರಿ ಕೊಟ್ಟ ಸಲಹೆ ಅಂತ ಅವರು ತಿಳಿದರು. ಹಾಗಲ್ಲ. ಅದು ಆ ಮಕ್ಕಳ ಮನಸ್ಸಿನ ಪ್ರಶ್ನೆ.

ಈ ಸಲಹೆಗೆ ನನಗೂ ಬೈಗುಳ ಸಿಕ್ಕಿದೆ. ಮಾಸ್ಟ್ರು ತಾವಾಗಿಯೇ ನನ್ನ ಹೆಸರು ಹೇಳಿದ್ದರಂತೆ. ಅವರ ಸಭೆಯ ಹಿರಿಯರೊಬ್ಬರು ಫೋನ್ ಮಾಡಿ, "ಕ್ರೈಸ್ತಳಾಗಿ ಕರ್ತನ ದಿನ ಮೈದಾನಕ್ಕೆ ಕಳಿಸಿದಿರಾ?" ಅಂದರು. ಯಾರ ಬಗ್ಗೆಯೂ ಮಾತಾಡುವುದಿಲ್ಲ ಅಂತ ಅವರಿಗೆ ಹೇಳಿದೆ. ನನ್ನ ಬಗ್ಗೆ ಮಾತ್ರ ಇಲ್ಲಿ ಹೇಳಬಹುದು. ಸಬ್ಬತ್ತಿನ ದಿನ ಬಾವಿಗೆ ಬಿದ್ದ ಎತ್ತನ್ನು ಎತ್ತುವುದಿಲ್ಲವೇ ಅಂತ ಕೇಳಿದವನನ್ನೇ ನಾನು ನಂಬಿರುವುದು. ಭಾನುವಾರವನ್ನು ಹಗುರ ಮಾಡಲು ನನಗೆ ಇಷ್ಟವಿಲ್ಲ. ಅದಕ್ಕೇ ಅಭ್ಯಾಸ ನಿಲ್ಲಿಸಲು ಹೇಳಿದ್ದು.

ಇನ್ನೊಂದು ಕಡೆಯಿಂದ ನನ್ನ ಸಹೋದ್ಯೋಗಿ ಗೆಳತಿ, ಆಪ್ತಸಲಹೆಯಲ್ಲಿ ಸತ್ಯವೇದ ತಂದದ್ದೇ ತಪ್ಪು ಅಂತಾಳೆ. ತಂದದ್ದು ನಾನಲ್ಲ. ಅವರು ಬಂದದ್ದೇ ಆ ಮಾತು ಹೊತ್ತುಕೊಂಡು. ಗದ್ದೆ ಜಗಳ ಹೊತ್ತು ಬಂದವರ ಹತ್ತಿರ ಗದ್ದೆಯ ಮಾತೇ ಆಡಬೇಕಲ್ವಾ?

ಕೊನೆಯ ಭೇಟಿಯಲ್ಲಿ ಮಾಸ್ಟ್ರ ನಿದ್ದೆ ಸುಧಾರಿಸಿತ್ತು. ಸಮಿತಿ ಬಿಟ್ಟಿದ್ದರು, ಓದುವ ಸರದಿ ಉಳಿಸಿಕೊಂಡಿದ್ದರು. ಸಭಾಪಾಲಕರು ಪೂರ್ತಿ ಒಪ್ಪಿಲ್ಲ, ಬಯ್ಯುವುದನ್ನು ನಿಲ್ಲಿಸಿದ್ದಾರೆ. ಒಂದು ಭಾನುವಾರ ಆರಾಧನೆ ಮುಗಿಸಿ, ಹೆಂಡತಿಯನ್ನು ಕರೆದುಕೊಂಡು ಆ ಹುಡುಗಿಯ ಮನೆಗೆ ಹೋಗಿದ್ದರು. ತಪ್ಪು ಅವಳದಲ್ಲ, ತನ್ನದು ಅಂತ ಅಪ್ಪನ ಎದುರೇ ಹೇಳಿ ಬಂದಿದ್ದರು. ಅಪ್ಪ ಚಹಾ ಕೊಟ್ಟರಂತೆ, ಕಳಿಸುತ್ತೇನೆ ಅನ್ನಲಿಲ್ಲ.

ಹೊರಡುವಾಗ ಫೋನ್ ತೆಗೆದು ಒಂದು ಫೋಟೋ ತೋರಿಸಿದರು. ಶಾಲೆಯ ಕೆಂಪು ಮಣ್ಣಿನ ಮೈದಾನ. ಶನಿವಾರ ಸಂಜೆ. ಮಗಳು ಹಗ್ಗದ ಒಂದು ತುದಿ ಹಿಡಿದು ನಿಂತಿದ್ದಾಳೆ. ಸುಣ್ಣದ ಪುಡಿಯಲ್ಲಿ ಬಾಗಿದ ಗೆರೆಯೊಂದನ್ನು ಎಳೆದಿದ್ದಾರೆ. ಕೋನ್ ಬದಲಿಗೆ ತೆಂಗಿನ ಗೆರಟೆ ಕವುಚಿ ಇಟ್ಟಿದ್ದಾರೆ. "ಆರು ಲೇನಿಗೆ ಆರು" ಅಂದರು. "ಈಗ ಎಲ್ಲ ಮಕ್ಕಳನ್ನೂ ಅಲ್ಲಿವರೆಗೆ ನಡೆಸ್ತೇನೆ. ಅವಳು ಬಂದ್ರೆ ಅವಳನ್ನೂ."